ಗಾಳಿಯ ಓಝೋನ್ ಬೇರೆ, ಎಲೆ ನುಂಗಿದ ಓಝೋನ್ ಬೇರೆ

ಎಂ.ಸಿ.ಸಿ. ಬಡಾವಣೆಯಲ್ಲಿ ಮನೆ, ಮಲೇಬೆನ್ನೂರು ಕಡೆ ಭದ್ರಾ ನಾಲೆಯ ಗದ್ದೆ. ಹೀಗೆ ಎರಡು ಕಡೆ ಓಡಾಡುವ ರೈತರು ದಾವಣಗೆರೆಯಲ್ಲಿ ಬಹಳ. ಹೊಗೆಯೆಲ್ಲ ಪೇಟೆಗೆ, ಗದ್ದೆಯ ಗಾಳಿ ಚೊಕ್ಕ ಎಂದು ನಂಬಿದವರೂ ಅವರೇ. ಓಝೋನ್ ಮಟ್ಟಿಗೆ ಈ ಲೆಕ್ಕ ತಲೆಕೆಳಗು.

ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಗೆ ದಾವಣಗೆರೆ ಸೇರಿದ್ದು ದೂಳಿನಿಂದ. ಓಝೋನ್ ದೂಳಿನಂತಲ್ಲ, ಕಣ್ಣಿಗೆ ಬೀಳುವುದಿಲ್ಲ. ವಾಹನ, ಕಾರ್ಖಾನೆಗಳ ಹೊಗೆಯಲ್ಲಿರುವ ಅನಿಲಗಳು ಬಿಸಿಲಿಗೆ ಬೆಂದು ಅದು ಹುಟ್ಟುತ್ತದೆ. ಹೆದ್ದಾರಿಯ ಮಗ್ಗುಲಲ್ಲಿ ಹೊಸ ಹೊಗೆಯೇ ಅದನ್ನು ತಿಂದುಹಾಕುತ್ತದೆ. ಗಾಳಿ ಬೀಸಿದತ್ತ, ಊರಾಚೆಯ ಹೊಲಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಏರುತ್ತದೆ.

ಹಿಂದೆ ಹಗಲಿನಲ್ಲಿ 40 ಪಿಪಿಬಿ (ನೂರು ಕೋಟಿ ಪಾಲು ಗಾಳಿಯಲ್ಲಿ 40 ಪಾಲು) ಮೀರಿದ ಓಝೋನನ್ನು ಗಂಟೆಗಂಟೆಗೆ ಕೂಡಿಸಿ ಬೆಳೆನಷ್ಟ ಅಂದಾಜಿಸುತ್ತಿದ್ದರು. ಆದರೆ ಪೆಟ್ಟು ಬೀಳುವುದು ಎಲೆಯ ಒಳಕ್ಕೆ ಹೋದದ್ದರಿಂದ. ಹಾಗಾಗಿ ಈಗಿನ ಗಣಿತ ಮಾದರಿಗಳು ಪತ್ರರಂಧ್ರದಿಂದಲೇ ಶುರುವಾಗುತ್ತವೆ. ಎಲೆಯ ಈ ಸಣ್ಣ ಬಾಯಿಗಳು ಪೂರ್ತಿ ತೆರೆದಾಗಿನ ಅಳತೆಯನ್ನು ಹಿಡಿದು, ಬೆಳಕು, ಉಷ್ಣಾಂಶ, ಗಾಳಿಯ ಒಣತನ, ಮಣ್ಣಿನ ತೇವ, ಪೈರಿನ ವಯಸ್ಸು ಇವಕ್ಕೆ ಸೊನ್ನೆಯಿಂದ ಒಂದರೊಳಗೆ ಅಂಕ ಕೊಟ್ಟು ಗುಣಿಸುತ್ತಾರೆ. ತೇವಕ್ಕೆ 0.3 ಬಿತ್ತೆನ್ನಿ, ಮಿಕ್ಕದ್ದೆಲ್ಲ ಸರಿಯಿದ್ದರೂ ಬಾಯಿ ಮೂರನೇ ಒಂದು ಪಾಲೂ ತೆರೆಯದು. 1976ರಲ್ಲಿ ಜಾರ್ವಿಸ್ ಎಂಬ ವಿಜ್ಞಾನಿ ಹಾಕಿಕೊಟ್ಟ ದಾರಿಯಿದು.

ನಮಗೆ ಇದರಿಂದ ತಿಳಿಯುವುದೇನು? ಬಾಡಿದ ಪೈರು ಬಾಯಿ ಮುಚ್ಚಿ ಓಝೋನಿನಿಂದ ಪಾರಾಗುತ್ತದೆ. ಕಾಲಡಿ ನೀರಿರುವ ಬೇಸಿಗೆ ಭತ್ತ ಅದೇ ಗಾಳಿಯಲ್ಲಿ ಹೆಚ್ಚು ನುಂಗುತ್ತದೆ. ಮುಂಗಾರಿನ ಮೆಕ್ಕೆಜೋಳಕ್ಕೆ ಮೋಡವೇ ಕಾವಲು, ಬಿಸಿಲಿಲ್ಲದೆ ಓಝೋನ್ ಅಷ್ಟಾಗಿ ಹುಟ್ಟದು. 2005ರಲ್ಲಿ ದೇಶದಲ್ಲಿ ಓಝೋನಿನಿಂದ ಸುಮಾರು 35 ಲಕ್ಷ ಟನ್ ಗೋಧಿ, 21 ಲಕ್ಷ ಟನ್ ಅಕ್ಕಿ ಹೋಯಿತೆಂದು ಒಂದು ಅಂದಾಜಿದೆ.

ಹಾಗೆಂದು ನೀರು ಬಿಡುವುದನ್ನು ನಿಲ್ಲಿಸಬೇಡಿ. ನೀರಿಲ್ಲದೆ ಆಗುವ ನಷ್ಟದ ಮುಂದೆ ಇದು ಚಿಕ್ಕದು.

ಮಾಡಬೇಕಾದ್ದು ಬೇರೆ. ಹಳೆ ಎಲೆಯ ಮೇಲ್ಮೈಯಲ್ಲಿ, ನರಗಳ ನಡುವೆ ಸೂಜಿಮೊನೆಯಂಥ ಕಂದು ಚುಕ್ಕೆ ಕಂಡರೆ ಎಲೆ ತಿರುಗಿಸಿ ನುಸಿ ಇದೆಯೇ ನೋಡಿ, ಇಲ್ಲದಿದ್ದರೆ ಅದು ಓಝೋನಿನ ಗುರುತಿರಬಹುದು. ಭತ್ತದಲ್ಲಿ ಸತುವಿನ ಕೊರತೆಯೂ ಹೀಗೇ ಕಾಣುವುದುಂಟು. ಕಂಡಕೂಡಲೇ ಔಷಧಿ ಅಂಗಡಿಗೆ ಓಡುವುದು ನಮ್ಮ ಹಳೇ ಚಾಳಿ. ಓಝೋನಿಗೆ ಅಲ್ಲಿ ಮದ್ದಿಲ್ಲ. ನಾಲ್ಕು ಎಲೆ ಕಿತ್ತು ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿ ತೋರಿಸಿ. ಕೊಯ್ಲಾದ ಮೇಲೆ ಹುಲ್ಲಿಗೆ ಬೆಂಕಿ ಇಡಬೇಡಿ, ಆ ಹೊಗೆಯೂ ಬಿಸಿಲಿಗೆ ಸಿಕ್ಕಿ ಓಝೋನ್ ಆಗುತ್ತದೆ.