ಮಣ್ಣು, ಎಲೆ ಪರೀಕ್ಷೆಗೆ ಕೊಡುವ ಮೊದಲು

ಮಗಾ, ಹಸು ಕಟ್ಟಿದ್ದೀಯ, ಎರಡು ಎಕರೆಗೆ ನೇಪಿಯರ್ ಹುಲ್ಲು ನೆಟ್ಟಿದ್ದೀಯ, ಮಿಕ್ಕಿದ್ದರಲ್ಲಿ ಮುಸುಕಿನ ಜೋಳ. ಗೊಬ್ಬರದ ಅಂಗಡಿಗೆ ಹೋಗುವ ಮುಂಚೆ ಇಷ್ಟು ಕೇಳು.

• ಕೊಯ್ಲು ಮುಗಿದ ಮೇಲೆ, ಗೊಬ್ಬರ ಬೀಳುವ ಮೊದಲು ಮಣ್ಣು ತೆಗೆ. ಎರಡು ಮೂರು ವರ್ಷಕ್ಕೊಮ್ಮೆ ಸಾಕು.

• ಬದು, ತಿಪ್ಪೆ, ಮರದ ನೆರಳು, ನೀರು ನಿಲ್ಲುವ ತಗ್ಗು, ಇಲ್ಲೆಲ್ಲ ಗುದ್ದಲಿ ಹಾಕಬೇಡ. ಒಂದು ವರ್ಷ ಬಿಸಿಲಿಗೆ ಬೇಸತ್ತು, ಹಳೇ ತಿಪ್ಪೆಯಿದ್ದ ಮೂಲೆಯ ಮಣ್ಣನ್ನೇ ಬಾಚಿ ಕೊಟ್ಟೆ. ಪೊಟ್ಯಾಷ್ ಹೇರಳವಾಗಿದೆ ಅಂತ ಚೀಟಿ ಬಂತು, ಹಾಕಲಿಲ್ಲ. ಶ್ರಾವಣದ ಹೊತ್ತಿಗೆ ಜೋಳದ ಕೆಳಗಿನ ಎಲೆಗಳ ಅಂಚು ಸುಟ್ಟಂತೆ ಒಣಗಿತು. ಒಂದೇ ಗಾಳಿಗೆ ಅರ್ಧ ಹೊಲ ಮಲಗಿತು. ಆ ದಂಟುಗಳನ್ನು ಎತ್ತಿ ಕಟ್ಟಿದ್ದು ನಿಮ್ಮಮ್ಮ.

• ಹಾವು ಹರಿದಂತೆ ಓಡಾಡಿ 10–15 ಕಡೆ ತೆಗೆ. ಮೇಲಿನ ಕಸ ಸರಿಸಿ, 15 ಸೆಂ.ಮೀ. ಆಳಕ್ಕೆ 'ವಿ' ಆಕಾರದ ಗುಂಡಿ ತೋಡಿ, ಅದರ ಗೋಡೆಯನ್ನು ಮೇಲಿಂದ ಕೆಳಗಿನವರೆಗೆ ಬೆರಳು ದಪ್ಪ ಕೆರೆದುಕೋ. ಎಲ್ಲ ಕಲಸಿ ನಾಲ್ಕು ಪಾಲು ಮಾಡು, ಎದುರುಬದುರಿನ ಎರಡು ಪಾಲು ಬಿಸಾಡು. ಅರ್ಧ ಕೆ.ಜಿ. ಉಳಿಯುವವರೆಗೂ ಹೀಗೇ. ನೆರಳಲ್ಲಿ ಒಣಗಿಸು. ಗೊಬ್ಬರದ ಚೀಲಕ್ಕೆ ತುಂಬಬೇಡ. ಸತುವಿನ ಲೇಪದ ಬಕೆಟ್ಟೂ ಬೇಡ, ಸತುವಿನ ಲೆಕ್ಕವೇ ಕೆಡುತ್ತದೆ.

• ಕೆಂಪು ಮಣ್ಣು, ಕಪ್ಪು ಮಣ್ಣು, ಹುಲ್ಲಿನ ಹೊಲ: ಮೂರಕ್ಕೂ ಬೇರೆ ಬೇರೆ ಚೀಲ.

• ಕಣಜದಲ್ಲಿ ಏನಿದೆ ಅನ್ನುವುದು ಮಣ್ಣಿನ ಚೀಟಿಯಲ್ಲಿ ಸಿಗುತ್ತದೆ. ಗಿಡದ ಬಾಯಿಗೆ ಬಿದ್ದದ್ದೆಷ್ಟು ಅಂತ ತಿಳಿಯಲು ಎಲೆಯನ್ನೇ ಕೊಡಬೇಕು. ಸುಣ್ಣ ಹೆಚ್ಚಿರುವ ಮಣ್ಣಲ್ಲಿ ಕಬ್ಬಿಣ, ಸತು ಇದ್ದರೂ ಬೇರಿಗೆ ದಕ್ಕದು. ಜೋಳದ ತೆನೆಗೆ ಕೂದಲು ಇಣುಕುವಾಗ ತೆನೆಯ ಬುಡದ ಎಲೆಯನ್ನು ಇಪ್ಪತ್ತು ಗಿಡಗಳಿಂದ ಕೀಳು. ಸೊರಗಿದ್ದು ಒಂದು ಚೀಲ, ಚೆನ್ನಾಗಿರುವುದು ಇನ್ನೊಂದು. ಔಷಧಿ ಹೊಡೆದ ಎಲೆ ಬೇಡ. ಕಾಗದದ ಚೀಲವೇ ಆಗಬೇಕು, ಪ್ಲಾಸ್ಟಿಕ್ಕಿನಲ್ಲಿ ಬೆವತು ಕೊಳೆಯುತ್ತದೆ.

• ನೇಪಿಯರ್ ಪ್ರತಿ ಕೊಯ್ಲಿಗೂ ಸಾರಜನಕ, ಪೊಟ್ಯಾಷ್ ಹೊತ್ತೊಯ್ಯುತ್ತದೆ. ಸಗಣಿ, ಗಂಜಲ ಅದೇ ಹೊಲಕ್ಕೆ ಮರಳದಿದ್ದರೆ ಮಣ್ಣು ಬರಿದಾಗುತ್ತದೆ. ಮಾದರಿ ಕೊಯ್ಯುವಾಗ ಮಾತ್ರ ಗಂಜಲ ಬಿದ್ದ ಹಸಿರು ತೇಪೆಗಳನ್ನು ಬಿಟ್ಟುಬಿಡು.

• ಗಂಧಕ, ಸತು, ಬೋರಾನ್ ಕೂಡ ನೋಡಿಕೊಡಿ ಅಂತ ಬಾಯಿಬಿಟ್ಟು ಕೇಳು. 2009ರಲ್ಲಿ ಶುರುವಾದ ಭೂಚೇತನ ಯೋಜನೆಯಲ್ಲಿ ನಮ್ಮ ರಾಜ್ಯದ ಮಳೆಯಾಶ್ರಿತ ಹೊಲಗಳಲ್ಲಿ ಈ ಮೂರರ ಕೊರತೆಯೇ ಎದ್ದು ಕಂಡಿತ್ತು. ಡಿಎಪಿ ಎಷ್ಟು ಸುರಿದರೂ ಇವು ತುಂಬುವುದಿಲ್ಲ.

• ರಸಸಾರ 5.5ಕ್ಕಿಂತ ಕೆಳಗಿದ್ದರೆ ಮೊದಲು ಸುಣ್ಣ, ಆಮೇಲೆ ಗೊಬ್ಬರ.

• ಹಳೇ ಚೀಟಿಗಳು ನಡುಮನೆಯ ಟ್ರಂಕಿನಲ್ಲಿವೆ. ಹೊಸದು ಬಂದ ದಿನ ತಾ, ಪಕ್ಕಪಕ್ಕ ಇಟ್ಟು ಇಬ್ಬರೂ ನೋಡೋಣ.