ಚೀಸ್ ಪಾತ್ರೆ ಹೇಳುವ ಪಾಠ: ಔಷಧ ಕೊಟ್ಟ ಎಮ್ಮೆಯ ಹಾಲನ್ನು ಡೇರಿಗೆ ಹಾಕಬೇಡಿ



ಕಳೆದ ಚಳಿಗಾಲದಲ್ಲಿ ಬಂಧುಗಳ ಮನೆಗೆಂದು ಸ್ವಿಟ್ಜರ್ಲೆಂಡಿಗೆ ಹೋಗಿ ಬಂದೆ. ಮರಳಿದ ಮೇಲೆ ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಕಮಲಾಪುರ ಕಡೆಯ ಸದಸ್ಯರೊಬ್ಬರು ಸಿಕ್ಕರು. "ಸಾಹೇಬ್ರ, ಪರದೇಶಕ್ಕ ಹೋಗಿದ್ರಂತಲ್ರಿ, ಅಲ್ಲಿ ಊಟ ಏನ್ ಇತ್ತರಿ?" ಎಂದು ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅದರಲ್ಲಿ ನಮಗೂ ಒಂದು ಪಾಠವಿದೆ.

ಅಲ್ಲಿ ಹಿಮ ಬೀಳುವ ಕಾಲದಲ್ಲಿ ಮನೆಮಂದಿಯೆಲ್ಲ ಒಂದೇ ಪಾತ್ರೆಯ ಸುತ್ತ ಕುಳಿತು 'ಫಾಂಡ್ಯೂ' ಎಂಬ ಊಟ ಮಾಡುತ್ತಾರೆ. ಪಾತ್ರೆಯ ಒಳಮೈಗೆ ಬೆಳ್ಳುಳ್ಳಿ ಉಜ್ಜಿ, ಬಿಳಿ ವೈನ್‌ನಲ್ಲಿ ತುರಿದ ಚೀಸ್ ಕರಗಿಸುತ್ತಾರೆ. ಕೆಳಗೆ ಸಣ್ಣ ಉರಿ ಇರುತ್ತದೆ. ಉದ್ದನೆಯ ಮುಳ್ಳುಚಮಚಕ್ಕೆ ಬ್ರೆಡ್ಡಿನ ತುಂಡು ಚುಚ್ಚಿ, ಅದರಲ್ಲಿ ಅದ್ದಿ ಬಿಸಿಬಿಸಿಯಾಗಿ ತಿನ್ನುತ್ತಾರೆ. ಎಳ್ಳ ಅಮಾವಾಸ್ಯೆಗೆ ನಾವು ಹೊಲದಲ್ಲಿ ಕೂಡಿ ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ ಉಣ್ಣುವುದು ನನಗೆ ನೆನಪಾಯಿತು.

ಈ ಊಟಕ್ಕೆ ಬಳಸುವ ಮುಖ್ಯ ಚೀಸ್ ಗ್ರುಯೇರ್. ನಮ್ಮ ಕಮಲಾಪುರದ ಕೆಂಪು ಬಾಳೆಯಂತೆ ಅದೂ ಊರಿನ ಹೆಸರಿನಿಂದಲೇ ಪ್ರಸಿದ್ಧ. ಚೀಸ್ ಎಂದರೆ ಗಿಣ್ಣ ಅಲ್ಲ. ಹಾಲಿಗೆ ಹೆಪ್ಪು ಮತ್ತು ರೆನೆಟ್ ಹಾಕಿ, ಗಟ್ಟಿಯಾದ ಭಾಗವನ್ನು ಒತ್ತಿ, ಉಪ್ಪು ಹಿಡಿಸಿ ಮಾಗಿಸಿದ್ದು. ಗಾಲಿಯ ಆಕಾರದ, ಸುಮಾರು 35 ಕಿಲೋ ತೂಕದ ಒಂದು ಗ್ರುಯೇರ್‌ಗೆ ಸುಮಾರು 400 ಲೀಟರ್ ಹಾಲು ಬೇಕು. ಕನಿಷ್ಠ 5 ತಿಂಗಳು ಮಾಗಬೇಕು. ಹಲವು ರೈತರ ಹಾಲು ಒಂದೇ ತಾಮ್ರದ ಕೊಪ್ಪರಿಗೆಗೆ ಬೀಳುತ್ತದೆ. ಅದರಲ್ಲಿ ಆಂಟಿಬಯೋಟಿಕ್ ಔಷಧದ ಅಂಶ ಸೇರಿದರೆ ಹೆಪ್ಪಿನ ಸೂಕ್ಷ್ಮಜೀವಿಗಳು ಬೆಳೆಯುವುದಿಲ್ಲ. ಒಬ್ಬರ ಅಜಾಗರೂಕತೆಯಿಂದ ಎಲ್ಲರ ಹಾಲೂ ಕೆಡಬಹುದು.

ಈ ಪಾಠವನ್ನು ನಾನು ಮೊದಲು ಕಲಿತದ್ದು ಪರದೇಶದಲ್ಲಿ ಅಲ್ಲ, ನಮ್ಮಲ್ಲಿಯೇ. ನೌಕರಿಗೆ ಸೇರಿದ ಹೊಸತರಲ್ಲಿ ಒಬ್ಬ ತಾಯಿಯ ಎಮ್ಮೆಗೆ ಕೆಚ್ಚಲು ಬಾವು ಬಂದಿತ್ತು. ಔಷಧ ಕೊಟ್ಟೆ, ಬಾವು ಇಳಿಯಿತು. ಹಾಲನ್ನು ಎಷ್ಟು ದಿನ ಬೇರೆ ಇಡಬೇಕೆಂದು ಮಾತ್ರ ಹೇಳಲಿಲ್ಲ. ಎಳ್ಳ ಅಮಾವಾಸ್ಯೆಯ ಹಿಂದಿನ ರಾತ್ರಿ ಆಕೆಯ ಮನೆಯಲ್ಲಿ ಅದೇ ಹಾಲಿಗೆ ಹೆಪ್ಪು ಹಾಕಿದ್ದರು. ಚಳಿಗೆ ಮೊಸರು ತಡವಾಗುವುದುಂಟು. ಆದರೆ ಅದು ಮರುದಿನ ಮಧ್ಯಾಹ್ನವಾದರೂ ಹೆಪ್ಪುಗಟ್ಟಲಿಲ್ಲ. ಸರಿಯಾಗಿ ಹೆಪ್ಪು ಹಾಕಲಿಲ್ಲವೆಂದು ಹಬ್ಬದ ದಿನ ಸೊಸೆಗೆ ಬೈಗುಳ ಬಿತ್ತು. ತಪ್ಪು ಆ ಹೆಣ್ಣುಮಗಳದಲ್ಲ, ನನ್ನದು. ಅಂದಿನಿಂದ ಸೂಜಿ ಚುಚ್ಚುವ ಮೊದಲೇ ಹಾಲಿನ ಮಾತು ಹೇಳುತ್ತೇನೆ.

ಸದಸ್ಯರು ಗಮನಿಸಬೇಕಾದ ಅಂಶಗಳು:

1. ಚಿಕಿತ್ಸೆ ಮಾಡಿಸುವಾಗ "ಹಾಲು ಎಷ್ಟು ದಿನ ಹಾಕಬಾರದು?" ಎಂದು ಪಶುವೈದ್ಯರನ್ನು ತಪ್ಪದೆ ಕೇಳಿರಿ. ಈ ಅವಧಿ ಔಷಧದಿಂದ ಔಷಧಕ್ಕೆ ಬೇರೆ. ಕೊನೆಯ ಸಲ ಔಷಧ ಕೊಟ್ಟ ಹೊತ್ತಿನಿಂದ ಲೆಕ್ಕ ಹಿಡಿಯಿರಿ.

2. ಒಂದೇ ಮೊಲೆಗೆ ಟ್ಯೂಬ್ ಏರಿಸಿದ್ದರೂ ನಾಲ್ಕೂ ಮೊಲೆಗಳ ಹಾಲನ್ನು ಬೇರೆ ಇಡಿರಿ.

3. ಕುದಿಸಿದರೆ ಔಷಧದ ಅಂಶ ಪೂರ್ತಿ ಹೋಗುತ್ತದೆಂಬುದು ತಪ್ಪು ತಿಳಿವಳಿಕೆ. ಆ ಹಾಲನ್ನು ಮಕ್ಕಳಿಗೂ ಕರುಗಳಿಗೂ ಕುಡಿಸಬೇಡಿ.

4. ಚಿಕಿತ್ಸೆಯಲ್ಲಿರುವ ದನ ಎಮ್ಮೆಗಳ ಕೊರಳಿಗೆ ಕೆಂಪು ದಾರ ಕಟ್ಟಿರಿ. ಮನೆಯಲ್ಲಿ ಯಾರೇ ಹಿಂಡಲಿ, ಗುರುತು ಸಿಗುತ್ತದೆ. ಅದನ್ನು ಕೊನೆಗೆ, ಬೇರೆ ಪಾತ್ರೆಯಲ್ಲಿ ಹಿಂಡಿರಿ.

5. ಪಶುವೈದ್ಯರನ್ನು ಕೇಳದೆ ಅಂಗಡಿಯಿಂದ ಔಷಧ ತಂದು ಕೊಡಬೇಡಿ.

ಇನ್ನೊಂದು ಮಾತು. ಗ್ರುಯೇರ್‌ಗೆ ಹಾಲು ಹಾಕುವ ರೈತರು ದನಗಳಿಗೆ ರಸಮೇವು ಹಾಕುವಂತಿಲ್ಲ. ರಸಮೇವಿನಿಂದ ಹಾಲಿಗೆ ಬರುವ ಕೆಲವು ಸೂಕ್ಷ್ಮಜೀವಿಗಳು ತಿಂಗಳುಗಟ್ಟಲೆ ಮಾಗುವ ಚೀಸನ್ನು ಉಬ್ಬಿಸಿ ಕೆಡಿಸುತ್ತವೆ. ಆ ನಿಯಮ ನಮಗೆ ಅನ್ವಯಿಸದು. ಬೇಸಿಗೆಯಲ್ಲಿ ಹಸಿಮೇವು ಸಿಗದ ನಮ್ಮ ಭಾಗಕ್ಕೆ ಚೆನ್ನಾಗಿ ಮಾಡಿದ ರಸಮೇವು ಬಹಳ ಉಪಯುಕ್ತ.

ನಾಲ್ಕು ದಿನದ ಹಾಲು ಚೆಲ್ಲುವುದು ಬಡ ಕುಟುಂಬಕ್ಕೆ ಸಣ್ಣ ನಷ್ಟವಲ್ಲ. ಅದು ನನಗೂ ಗೊತ್ತು. ಆದರೆ ನಮ್ಮ ಸಂಘದಲ್ಲಿಯೂ ಎಲ್ಲರ ಹಾಲು ಸೇರುವುದು ಒಂದೇ ಕ್ಯಾನಿಗೆ, ಮುಂದೆ ಒಂದೇ ಟ್ಯಾಂಕರಿಗೆ. ಆ ಹಾಲೇ ಸೂಪರ್ ಮಾರ್ಕೆಟ್‌ನ ಅಂಗಡಿಗಳಿಂದ ಯಾವುದೋ ಮನೆಯ ಕೂಸಿನ ಬಟ್ಟಲಿಗೆ ಹೋಗುತ್ತದೆ. ಕೆಚ್ಚಲು ಬಾವು ಬರದಂತೆ ಕೊಟ್ಟಿಗೆಯನ್ನು ಒಣದಾಗಿ, ಕೈ ಮತ್ತು ಕೆಚ್ಚಲನ್ನು ಶುಚಿಯಾಗಿ ಇಟ್ಟುಕೊಂಡರೆ ಚೆಲ್ಲುವ ಪ್ರಸಂಗವೇ ಕಡಿಮೆಯಾಗುತ್ತದೆ.