ಹಳೆಯ ಮರಕ್ಕೆ ಹೊಸ ಬಣ್ಣ: ಒಂದು ಸಂಸ್ಕಾರ ವಿಚಾರ

ಶ್ರೀಮಠದ ಶಾಲೆಯ ಸ್ಮರಣಸಂಚಿಕೆಗೆ ಕನ್ನಡ ಪಂಡಿತನಾದವನು ಕಾವ್ಯವಿಚಾರವನ್ನೋ ವ್ಯಾಕರಣವಿಚಾರವನ್ನೋ ಬರೆಯುವುದು ರೂಢಿ. ಈ ಸಲ ಆ ರೂಢಿಯನ್ನು ಬಿಟ್ಟು, ಹಳೆಯ ಕುರ್ಚಿ, ಕಪಾಟು, ತೊಟ್ಟಿಲುಗಳನ್ನು ಕೊಂಡು, ದುರಸ್ತಿ ಮಾಡಿ, ಬಣ್ಣ ಹಚ್ಚಿ ಮನೆಯ ಬಳಕೆಗೆ ತರುವ ಅಥವಾ ಮರಳಿ ಮಾರುವ ಉದ್ಯೋಗವನ್ನು ಕುರಿತು ನಾಲ್ಕು ಮಾತು ಬರೆಯಲು ತೊಡಗಿದ್ದೇನೆ. ಇದೇನು ಪಂಡಿತರ ವಿಷಯವೇ ಎಂದು ವಾಚಕರು ಹುಬ್ಬೇರಿಸಬಹುದು. ಆದರೆ ಕೂಡಲಸಂಗಮದ ಸೀಮೆಯಲ್ಲಿ ಹುಟ್ಟಿ ಬೆಳೆದ ನಮಗೆ ಯಾವ ಕಾಯಕವೂ ಹೊರಗಿನದಲ್ಲ. ಬಾಚಿಯನ್ನು ಹಿಡಿದು ಮರ ಕೆತ್ತಿದ ಬಾಚಿಕಾಯಕದ ಬಸವಯ್ಯನೂ ವಚನಕಾರನಾದ ನಾಡು ಇದು. ನಮ್ಮ ಶಾಲೆಯಿಂದ ಹೊರಬಿದ್ದ ಮಕ್ಕಳಲ್ಲಿ ಎಲ್ಲರೂ ನೌಕರಿ ಹಿಡಿಯಲಾರರು. ಸ್ವಲ್ಪ ಬಂಡವಾಳ, ಹೆಚ್ಚು ತಾಳ್ಮೆ ಬೇಡುವ ಇಂಥ ಉದ್ಯೋಗ ಅವರ ಕೈಹಿಡಿದೀತು. ಅದಕ್ಕಿಂತ ಮಿಗಿಲಾಗಿ, ಈ ಉದ್ಯೋಗದ ಒಳಗೆ ಸತ್ಯಾಸತ್ಯದ ಪ್ರಶ್ನೆಯೊಂದು ಅಡಗಿದೆ. ಅದೇ ಈ ಲೇಖನದ ತಿರುಳು.

ಬಣ್ಣವೆಂಬ ಶಬ್ದ

‘ಬಣ್ಣ’ವು ಸಂಸ್ಕೃತದ ‘ವರ್ಣ’ ಶಬ್ದದ ತದ್ಭವ. ‘ವರ್ಣಿಸು’ ಎಂಬುದು ‘ಬಣ್ಣಿಸು’ ಆದುದೂ ಈ ದಾರಿಯಲ್ಲಿಯೇ. ಇದ್ದುದನ್ನು ಇದ್ದಂತೆ ಸೊಗಸಾಗಿ ಹೇಳುವುದು ಬಣ್ಣನೆ. ಇಲ್ಲದ್ದನ್ನು ಇದೆಯೆಂದು ನಂಬಿಸುವುದು ‘ಬಣ್ಣದ ಮಾತು’. ಸುಳ್ಳು ಹೊರಬಿದ್ದಾಗ ‘ಬಣ್ಣ ಬಯಲಾಯಿತು’ ಎನ್ನುತ್ತೇವೆ. ಒಂದೇ ಶಬ್ದದಿಂದ ಹೊಗಳಿಕೆಯೂ ತೆಗಳಿಕೆಯೂ ಹುಟ್ಟಿರುವುದನ್ನು ನೋಡಿದರೆ, ನಮ್ಮ ಜನ ಬಣ್ಣದ ಎರಡು ಮುಖಗಳನ್ನು ಬಹುಕಾಲದ ಹಿಂದೆಯೇ ಕಂಡುಕೊಂಡಿದ್ದರೆಂಬುದು ಸ್ಪಷ್ಟವಾಗುತ್ತದೆ. ಮರಕ್ಕೆ ಬಳಿಯುವ ಬಣ್ಣಕ್ಕೂ ಈ ಎರಡು ಮುಖಗಳುಂಟು: ಒಂದು ಕಾಯುತ್ತದೆ, ಇನ್ನೊಂದು ಮುಚ್ಚುತ್ತದೆ.

ಕಾಯುವ ಬಣ್ಣ ಮರಕ್ಕೆ ಏಕೆ ಬೇಕೆಂಬುದಕ್ಕೆ ನಮ್ಮ ಅಮೀನಗಡದ ನೆರೆಯ ಐಹೊಳೆಯೇ ಸಾಕ್ಷಿ. ಅಲ್ಲಿಯ ಲಾಡಖಾನ ಗುಡಿಯ ಮಾಳಿಗೆಯ ಮೇಲೆ, ಕಲ್ಲುಚಪ್ಪಡಿಗಳ ಸಂದುಗಳನ್ನು ಮುಚ್ಚಲು, ಮರದ ದಿಮ್ಮಿಗಳಂತೆ ಉದ್ದುದ್ದವಾಗಿ ಕಡೆದ ಕಲ್ಲುಪಟ್ಟಿಗಳನ್ನು ಇಟ್ಟಿದ್ದಾರೆ. ಅದು ಮರದ ಕಟ್ಟಡಗಳ ಅನುಕರಣವೆಂದು ವಿದ್ವಾಂಸರು ವಿವರಿಸಿದ್ದಾರೆ. ಮರದ ಮೂಲಗಳು ಉಳಿಯಲಿಲ್ಲ. ಕಲ್ಲಿನ ನಕಲು ಉಳಿಯಿತು. ನೀರು, ಬಿಸಿಲು, ಹುಳ ಈ ಮೂರೂ ಮರದ ಶತ್ರುಗಳು. ಇವುಗಳಿಂದ ಮರವನ್ನು ಕಾಯುವ ಕವಚವೇ ಎಣ್ಣೆ, ಅರಗು, ಬಣ್ಣ.

ಒಂದು ಕಪಾಟಿನ ಕಥೆ

ಮುಚ್ಚುವ ಬಣ್ಣದ ಅನುಭವ ನನಗೇ ಆಗಿದೆ. ಹಲವು ವರ್ಷಗಳ ಹಿಂದೆ, ಪುಸ್ತಕಗಳನ್ನಿಡಲೆಂದು, ಹಳೆಯ ಸಾಮಾನುಗಳ ವ್ಯಾಪಾರಿಯೊಬ್ಬರಲ್ಲಿ ಒಂದು ಕಪಾಟನ್ನು ಕೊಂಡೆ. ಗಿಳಿಹಸಿರು ಬಣ್ಣ, ಕನ್ನಡಿಯಂಥ ಹೊಳಪು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕೆಳಗಿನ ಅಡ್ಡಹಲಗೆ ಕುಸಿಯಿತು. ಗುರುಗಳು ಕೊಟ್ಟಿದ್ದ ಹಳಗನ್ನಡ ಗ್ರಂಥಗಳಲ್ಲಿ ಕೆಲವನ್ನು ಗೆದ್ದಲು ಆಗಲೇ ತಿಂದು ಮುಗಿಸಿತ್ತು. ದುರಸ್ತಿಗೆಂದು ಬಂದ ಹಿರಿಯ ಬಡಿಗೇರರೊಬ್ಬರು ಬೆರಳಿನಿಂದ ಒತ್ತಿದೊಡನೆ ಬಣ್ಣದ ಹಪ್ಪಳ ಒಳಗೆ ಹೋಯಿತು. ಅವರು ನಕ್ಕು, “ಗುರುಗಳ, ಇಲ್ಲಿ ಬಣ್ಣ ಐತ್ರಿ, ಕಪಾಟ ಎಲ್ಲೈತ್ರಿ?” ಎಂದರು. ಆ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. ಅಂದಿನಿಂದ ನಾನು ಅವರ ಕಟ್ಟೆಯ ಮೇಲೆ ಕುಳಿತು ಈ ಕೆಲಸದ ಕ್ರಮವನ್ನು ಕೇಳಿ, ಕಂಡು, ಕೈಯಿಂದಲೂ ಮಾಡಿ ಕಲಿತೆ.

ಸಂಸ್ಕಾರದ ಮೂರು ಅಂಗಗಳು

ಅವರು ಹೇಳಿದ ಕ್ರಮವನ್ನು ಮನನ ಮಾಡುವಾಗ ಶಾಸ್ತ್ರಪಾಠದ ವಿಚಾರವೊಂದು ನೆನಪಾಯಿತು. ಒಂದು ವಸ್ತುವಿಗೆ ಮಾಡುವ ಸಂಸ್ಕಾರಕ್ಕೆ ಮೂರು ಅಂಗಗಳೆಂದು ಪೂರ್ವಸೂರಿಗಳು ಹೇಳುತ್ತಾರೆ. ಇರುವ ದೋಷವನ್ನು ಕಳೆಯುವುದು ದೋಷಾಪನಯನ. ಕೊರತೆಯಾದ ಅಂಗವನ್ನು ತುಂಬುವುದು ಹೀನಾಂಗಪೂರ್ತಿ. ಬಳಿಕ ಹೊಸ ಗುಣವನ್ನು ಸೇರಿಸುವುದು ಅತಿಶಯಾಧಾನ. ಬಡಿಗೇರರ ಕ್ರಮವೂ ಅಕ್ಷರಶಃ ಇದೇ. ಮೊದಲೆರಡನ್ನು ಬಿಟ್ಟು ಮೂರನೆಯದನ್ನು ಮಾತ್ರ ಮಾಡಿದರೆ ಅದು ಸಂಸ್ಕಾರವಲ್ಲ, ವೇಷ.

1. ದೋಷಾಪನಯನ: ಮೊದಲು ಪರೀಕ್ಷೆ. ಸಾಮಾನನ್ನು ತಲೆಕೆಳಗಾಗಿ ತಿರುವಿ ನೋಡಬೇಕು. ದೋಷ ಅಡಗುವುದು ಕಾಲು, ಬೆನ್ನು, ತಳಗಳಲ್ಲಿ. ಗೆಣ್ಣಿನಿಂದ ತಟ್ಟಿದಾಗ ಪೊಳ್ಳು ಸದ್ದು ಬಂದರೆ ಒಳಗೆ ಟೊಳ್ಳು. ದಬ್ಬಣದ ಮೊನೆ ಸಲೀಸಾಗಿ ಇಳಿದರೆ ಮರ ಕೊಳೆತಿದೆ. ಸಣ್ಣ ತೂತುಗಳ ಕೆಳಗೆ ಹೊಸದಾಗಿ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಹುಳ ಇನ್ನೂ ಜೀವಂತವಾಗಿದೆ. ಅದಕ್ಕೆ ಔಷಧ ಮಾಡದೆ ಮುಂದುವರಿಯಬಾರದು. ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ ನೀರು ಕುಡಿದು ಉಬ್ಬಿದ್ದರೆ ಅದನ್ನು ಕೊಳ್ಳದಿರುವುದೇ ಜಾಣತನ.

ಬಳಿಕ ಸಾಬೂನು ನೀರಿನಿಂದ ಜಿಡ್ಡು ತೆಗೆದು ನೆರಳಲ್ಲಿ ಒಣಗಿಸಬೇಕು. ಜಿಡ್ಡಿನ ಮೇಲೆ ಯಾವ ಬಣ್ಣವೂ ನಿಲ್ಲದು. ಉಜ್ಜುವ ಕಾಗದದಲ್ಲಿ ಮೊದಲು 80ನೆಯ ನಂಬರಿನ ಒರಟು, ಆಮೇಲೆ 120, ಕೊನೆಗೆ 220 ಹೀಗೆ ನಯದ ಕಡೆಗೆ ಸಾಗಬೇಕು. ಮರದ ಎಳೆ ಓಡಿದ ದಿಕ್ಕಿಗೇ ಉಜ್ಜಬೇಕು. ಅಡ್ಡಡ್ಡ ಉಜ್ಜಿದರೆ ಬಿದ್ದ ಗೀರು ಬಣ್ಣದ ಮೇಲೂ ಎದ್ದು ಕಾಣುತ್ತದೆ.

2. ಹೀನಾಂಗಪೂರ್ತಿ: ಅಲ್ಲಾಡುವ ಕುರ್ಚಿಗೆ ಮೊಳೆ ಹೊಡೆಯುವುದು ಸುಲಭ; ಆದರೆ ಮೊಳೆ ಮರವನ್ನು ಸೀಳುತ್ತದೆ. ಸಂದನ್ನು ಬಿಡಿಸಿ, ಹಳೆಯ ಅಂಟನ್ನು ಕೆರೆದು, ಹೊಸ ಅಂಟು ಹಚ್ಚಿ, ಬೇಕಾದಲ್ಲಿ ತೆಳುವಾದ ಬೆಣೆ ಕೊಟ್ಟು, ಹಗ್ಗದಿಂದ ಬಿಗಿದು ಒಂದು ದಿನ ಅಲುಗಾಡದಂತೆ ಇಡಬೇಕು. ಕೊಳೆತ ಭಾಗವನ್ನು ಕತ್ತರಿಸಿ ಅದೇ ಜಾತಿಯ ಮರದ ತುಂಡನ್ನು ಕೂಡಿಸಬೇಕು. ಸಣ್ಣ ಬಿರುಕುಗಳಿಗೆ ಸೀಮೆಸುಣ್ಣದ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ನಾದಿದ ಪುಟ್ಟಿ ಸಾಕು. ಪುಟ್ಟಿ ಬಿರುಕಿಗೆ ಮದ್ದೇ ಹೊರತು ಮರಕ್ಕೆ ಬದಲಿಯಲ್ಲ.

3. ಅತಿಶಯಾಧಾನ: ಈಗ ಬಣ್ಣ. ಇಲ್ಲಿಯೂ ಒಂದು ವಿವೇಕ ಬೇಕು. ಸಾಗವಾನಿ, ಬೀಟೆಗಳಂಥ ಸೊಗಸಾದ ಎಳೆಯ ಮರಕ್ಕೆ ದಪ್ಪ ಬಣ್ಣ ಬಳಿಯುವುದು ಒಳ್ಳೆಯ ಗಾಯಕನ ಬಾಯಿ ಕಟ್ಟಿದಂತೆ. ಅಂಥದಕ್ಕೆ ಅಗಸೆ ಎಣ್ಣೆ ಅಥವಾ ಅರಗಿನ ಪಾಲಿಶ್ ಸಾಕು. ಅರಗು ನಮ್ಮ ನಾಡಿನ ಹಳೆಯ ಸಂಪತ್ತು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಸ್ಥಾಪಿಸಿದ, ಮುಂದೆ ಚುನಾವಣೆಯ ಅಳಿಸಲಾಗದ ಶಾಯಿಯಿಂದ ಹೆಸರಾದ ಕಾರ್ಖಾನೆ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿಯೇ ಆರಂಭವಾಯಿತು. ಎಳೆಯ ಸೊಬಗಿಲ್ಲದ, ತೇಪೆ ಹಾಕಿದ, ಹಲವು ಜಾತಿಯ ಮರ ಕೂಡಿದ ಸಾಮಾನುಗಳಿಗೆ ಬಣ್ಣವೇ ತಕ್ಕುದು.

ಬಣ್ಣಕ್ಕೆ ಮುನ್ನ ಪ್ರೈಮರಿನ ಒಂದು ಲೇಪ. ಅದು ಒಣಗಿದ ಮೇಲೆ ಹಗುರವಾಗಿ ಉಜ್ಜಿ, ಧೂಳು ಒರೆಸಿ, ಎರಡು ತೆಳುವಾದ ಲೇಪ ಕೊಡಬೇಕು. ದಪ್ಪವಾದ ಒಂದು ಲೇಪಕ್ಕಿಂತ ತೆಳುವಾದ ಎರಡು ಮೇಲು; ದಪ್ಪ ಲೇಪ ಮೇಲೆ ಒಣಗಿ ಒಳಗೆ ಹಸಿಯಾಗಿ ಉಳಿದು ಸುಕ್ಕುಗಟ್ಟುತ್ತದೆ. ಉರಿಬಿಸಿಲಿನಲ್ಲಿ ಹಚ್ಚಿದರೆ ಗುಳ್ಳೆ ಏಳುತ್ತದೆ. ಜಡಿಮಳೆಯಲ್ಲಿ ಹಚ್ಚಿದರೆ ಒಣಗುವುದೇ ಇಲ್ಲ. ನಮ್ಮ ಸೀಮೆಯಲ್ಲಿ ದೀಪಾವಳಿಯಿಂದ ಶಿವರಾತ್ರಿಯವರೆಗಿನ ಕಾಲ, ಗಾಳಿ ಏಳುವ ಮುನ್ನಿನ ಬೆಳಗಿನ ಹೊತ್ತು ಪ್ರಶಸ್ತ. ಕೈಗೆ ಅಂಟದಂತೆ ಒಣಗಿದರೂ ಎಣ್ಣೆಬಣ್ಣ ಗಟ್ಟಿಯಾಗಲು ಒಂದು ವಾರವಾದರೂ ಬೇಕು. ಇನ್ನೊಂದು ಎಚ್ಚರಿಕೆ: ಅಗಸೆ ಎಣ್ಣೆಯಲ್ಲಿ ತೊಯ್ದ ಬಟ್ಟೆಗಳನ್ನು ಗುಡ್ಡೆ ಹಾಕಬಾರದು, ಅವು ತಮ್ಮೊಳಗಿನ ಕಾವಿನಿಂದಲೇ ಹೊತ್ತಿಕೊಳ್ಳುವುದುಂಟು. ಬಿಡಿಬಿಡಿಯಾಗಿ ಬಯಲಲ್ಲಿ ಹರಡಿ ಒಣಗಿಸಬೇಕು.

ಕಿನ್ನಾಳದ ಪಾಠ

ಬಣ್ಣಕ್ಕಿಂತ ಬಣ್ಣದ ಕೆಳಗಿನ ಕೆಲಸವೇ ದೊಡ್ಡದೆಂಬುದಕ್ಕೆ ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಉಜ್ವಲ ನಿದರ್ಶನ. ಅವರು ಹಗುರವಾದ ಮರದಲ್ಲಿ ದೇವತಾಮೂರ್ತಿಗಳನ್ನೂ ಗೊಂಬೆಗಳನ್ನೂ ಕೆತ್ತಿ ಕೂಡಿಸುತ್ತಾರೆ. ನೆನೆಸಿ, ಒಣಗಿಸಿ, ಪುಡಿ ಮಾಡಿದ ಗೋಣಿಯ ಚೂರುಗಳಿಗೆ ಮರದ ಪುಡಿಯನ್ನೂ ಹುಣಸೆಬೀಜದ ಅಂಟನ್ನೂ ಬೆರೆಸಿ ‘ಕಿಟ್ಟ’ವೆಂಬ ಲೇಪವನ್ನು ಸಿದ್ಧಗೊಳಿಸಿ, ಸಂದುಗಳನ್ನೂ ಮೈಯನ್ನೂ ಕೈಯಿಂದ ಮೆತ್ತುತ್ತಾರೆ. ಅದರ ಮೇಲೆ ಹುಣಸೆಯ ಅಂಟಿನಿಂದ ಹತ್ತಿಯ ತುಣುಕುಗಳನ್ನು ಅಂಟಿಸಿ, ಬೆಣಚುಕಲ್ಲಿನ ಪುಡಿಯ ಲೇಪ ಕೊಡುತ್ತಾರೆ. ಇಷ್ಟೆಲ್ಲ ಆದ ಮೇಲೆಯೇ ಬಣ್ಣದ ಕುಂಚ. ನೋಡುವವರ ಕಣ್ಣಿಗೆ ಬೀಳುವುದು ಕೊನೆಯ ಪದರ ಮಾತ್ರ. ಆದರೆ ಅದನ್ನು ಹೊತ್ತು ನಿಂತಿರುವುದು ಕಾಣದ ಪದರಗಳು.

ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಆನಿ ಸ್ಲೋನ್ ಎಂಬಾಕೆ 1990ರಲ್ಲಿ, ಹೆಚ್ಚು ಉಜ್ಜದೆಯೇ ಹಳೆಯ ಪೀಠೋಪಕರಣಗಳಿಗೆ ಹಚ್ಚಬಹುದಾದ ‘ಚಾಕ್ ಪೇಂಟ್’ ಎಂಬ ಬಣ್ಣವನ್ನು ರೂಪಿಸಿದರು. ಅಂಥ ಬಣ್ಣದ ಅಂಚುಗಳನ್ನು ಬೇಕೆಂದೇ ಸವೆಸಿ ಹಳೆಯದರಂತೆ ಕಾಣಿಸುವ ಅಭಿರುಚಿ ಹಲವು ದೇಶಗಳಿಗೆ ಹಬ್ಬಿದೆ. ಅದು ಅವರವರ ರುಚಿ. ಆದರೆ ಶ್ರಮ ಉಳಿಸುವ ಬಣ್ಣವೂ ಅಲ್ಲಾಡುವ ಕಾಲನ್ನು ಗಟ್ಟಿ ಮಾಡಲಾರದು.

ತೊಟ್ಟಿಲಿನ ವಿಚಾರ

ಇನ್ನು ಎಲ್ಲಕ್ಕಿಂತ ಗಂಭೀರವಾದ ಮಾತು. ಧಾರವಾಡ ಜಿಲ್ಲೆಯ ಕಲಘಟಗಿ ತನ್ನ ಬಣ್ಣದ ತೊಟ್ಟಿಲುಗಳಿಂದ ಪ್ರಸಿದ್ಧ. ಅಲ್ಲಿಯ ಚಿತ್ರಗಾರ ಮನೆತನದವರು ಸಾಗವಾನಿಯ ತೊಟ್ಟಿಲುಗಳ ಮೇಲೆ ಅರಗಿನ ಬಣ್ಣದಲ್ಲಿ ರಾಮಾಯಣ, ಮಹಾಭಾರತ, ಕೃಷ್ಣಲೀಲೆಗಳ ಚಿತ್ರಗಳನ್ನು ಬಿಡಿಸುತ್ತಾರೆ. ತೊಟ್ಟಿಲೆಂಬುದು ನಮ್ಮಲ್ಲಿ ಒಂದೇ ಮಗುವಿನ ಸ್ವತ್ತಲ್ಲ. ಅಜ್ಜನನ್ನು ತೂಗಿದ ತೊಟ್ಟಿಲೇ ಮೊಮ್ಮಗನನ್ನು ತೂಗುತ್ತದೆ. ಮನೆಯಿಂದ ಮನೆಗೆ ಎರವಲು ಹೋಗುತ್ತದೆ. ಪ್ರತಿ ಸಲವೂ ಯಾರಾದರೂ ಪ್ರೀತಿಯಿಂದ ಅಂಗಡಿಯ ಬಣ್ಣದ ಇನ್ನೊಂದು ಪದರ ಬಳಿಯುತ್ತಾರೆ. ಅಪಾಯ ಇರುವುದು ಆ ಪದರಗಳಲ್ಲಿಯೇ.

ಹಿಂದೆ ಎಣ್ಣೆಬಣ್ಣಗಳಲ್ಲಿ, ಅದರಲ್ಲೂ ಹಳದಿ, ಕೆಂಪು, ಬಿಳಿ ಬಣ್ಣಗಳಲ್ಲಿ, ಸೀಸದ ಸಂಯುಕ್ತಗಳನ್ನು ಧಾರಾಳವಾಗಿ ಬೆರೆಸುತ್ತಿದ್ದರು. ಸೀಸ ಎಳೆಯ ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ಇಷ್ಟು ಪ್ರಮಾಣವಾದರೆ ಕ್ಷೇಮವೆಂದು ಹೇಳಬಹುದಾದ ಮಿತಿಯೇ ಅದಕ್ಕಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದೆ. ಅಮೆರಿಕ ದೇಶ ಮನೆಬಳಕೆಯ ಸೀಸದ ಬಣ್ಣವನ್ನು 1978ರಲ್ಲಿ ನಿಷೇಧಿಸಿತು. ನಮ್ಮ ದೇಶದಲ್ಲಿ 2016ರಲ್ಲಿ ನಿಯಮಗಳು ಪ್ರಕಟವಾಗಿ, 2017ರ ನವೆಂಬರ್ 1ರಿಂದ ಮನೆಬಳಕೆಯ ಬಣ್ಣದಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಬಾರದೆಂಬ ಕಟ್ಟಳೆ ಜಾರಿಗೆ ಬಂತು. ಆದ್ದರಿಂದ ಅದಕ್ಕೂ ಹಿಂದೆ ಬಳಿದ ಬಣ್ಣವನ್ನು ಸಂಶಯದಿಂದಲೇ ನೋಡಬೇಕು. ಹಲ್ಲು ಬರುವ ಕೂಸು ತೊಟ್ಟಿಲಿನ ಅಂಚನ್ನು ಕಚ್ಚುತ್ತದೆ ಎಂಬುದನ್ನು ಯಾವ ತಾಯಿಗೂ ಹೇಳಿಕೊಡಬೇಕಾಗಿಲ್ಲ.

ಅಂಥ ಹಳೆಯ ಬಣ್ಣವನ್ನು ಒಣದಾಗಿ ಉಜ್ಜಬಾರದು, ಬೆಂಕಿಯಿಂದ ಸುಡಲೂಬಾರದು. ಧೂಳು ಮತ್ತು ಹೊಗೆಗಳೇ ವಿಷ. ನೀರು ಹಚ್ಚಿ ಒದ್ದೆಯಾಗಿಯೇ ಉಜ್ಜಬೇಕು. ಧೂಳನ್ನು ತಡೆಯುವ ಒಳ್ಳೆಯ ಮುಖಕವಚ ಧರಿಸಬೇಕು. ಕೆಳಗೆ ಹಾಳೆ ಹಾಸಿ ಚಕ್ಕೆಗಳನ್ನು ಒಟ್ಟುಗೂಡಿಸಬೇಕು. ಮಕ್ಕಳೂ ಗರ್ಭಿಣಿಯರೂ ಆ ಕಡೆ ಸುಳಿಯಬಾರದು. ಕಲಘಟಗಿಯ ಹಳೆಯ ಚಿತ್ರಗಳಿರುವ ತೊಟ್ಟಿಲಾದರೆ ಅದನ್ನು ಉಜ್ಜಿ ಹಾಳುಮಾಡದೆ, ಕೂಸನ್ನು ಮಲಗಿಸದೆ, ಮನೆತನದ ನೆನಪಾಗಿ ಇಟ್ಟುಕೊಳ್ಳುವುದೇ ಲೇಸು.

ಮಾರಾಟದ ಧರ್ಮ

ಮಾರುವವನು ಲೆಕ್ಕ ಬಲ್ಲವನಾಗಿರಬೇಕು. ಹಳೆಯ ಸಾಮಾನಿನ ಕ್ರಯ, ಮರ, ಅಂಟು, ಕಾಗದ, ಬಣ್ಣ, ಸಾಗಾಟ ಇವುಗಳ ಜೊತೆಗೆ ತನ್ನ ಕೂಲಿಯನ್ನೂ ಬರೆದಿಡಬೇಕು. ನಾಲ್ಕು ದಿನ ದುಡಿದು ಒಂದು ದಿನದ ಕೂಲಿ ಹಿಡಿದರೆ ಉದ್ಯೋಗ ನಿಲ್ಲದು. ಆದರೆ ಲಾಭಕ್ಕೂ ಒಂದು ಎಲ್ಲೆಯುಂಟು. ನಮ್ಮ ನೆರೆಯ ಲಿಂಗಸೂಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಸತಿ ಲಕ್ಕಮ್ಮ ಅದನ್ನು ಮರಳಿ ಸುರಿದು ಬರುವಂತೆ ಹೇಳಿದ ವೃತ್ತಾಂತ ನಮಗೆಲ್ಲ ಗೊತ್ತು. ಲಾಭ ಬೇಡವೆಂಬುದು ಆ ತಾಯಿಯ ಮಾತಿನ ಅರ್ಥವಲ್ಲ. ಕಾಯಕದಿಂದ ಬಾರದ ಗಳಿಕೆ ಬೇಡವೆಂಬುದೇ ಅರ್ಥ. ದುರಸ್ತಿ ಮಾಡಿ ಪಡೆದ ಹಣ ಕಾಯಕದ ಫಲ. ಹುಳುಕನ್ನು ಮುಚ್ಚಿ ಪಡೆದ ಹಣ ಹೆಚ್ಚುವರಿ ಅಕ್ಕಿ.

ಆದ್ದರಿಂದ, ಎಲ್ಲಿ ತೇಪೆ ಹಾಕಿದೆ, ಯಾವ ಮರ ಕೂಡಿಸಿದೆ, ಯಾವ ಬಣ್ಣ ಬಳಿದಿದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಸಾಮಾನಿನ ಬೆನ್ನಿಗೆ ಅಂಟಿಸಿ ಮಾರಬೇಕೆಂಬುದು ನನ್ನ ಸಲಹೆ. ಮೊದಮೊದಲು ಗಿರಾಕಿ ಹಿಂಜರಿದಾನು. ಆದರೆ ಒಮ್ಮೆ ಕೊಂಡವನು ಇನ್ನೊಬ್ಬನನ್ನು ಕರೆತರುತ್ತಾನೆ.

ನಮ್ಮ ಶಾಲೆಗೆ

ಕಡೆಯದಾಗಿ ದಾನಿಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ಒಂದು ಬಿನ್ನಹ. ಶಾಲೆಗೆ ಹೊಸ ಬಾಂಕುಗಳನ್ನು ಕೊಡಿಸುವ ನಿಮ್ಮ ಔದಾರ್ಯಕ್ಕೆ ನಾವು ಋಣಿಗಳು. ಆದರೆ ಮೂಲೆಗೆ ಸೇರಿದ ಹಳೆಯ ಬಾಂಕುಗಳನ್ನು ತೂಕಕ್ಕೆ ಮಾರುವ ಮುನ್ನ ಒಮ್ಮೆ ತಲೆಕೆಳಗಾಗಿ ತಿರುವಿ ನೋಡೋಣ. ಗಟ್ಟಿಯಿದ್ದವನ್ನು ಬಡಿಗೇರರೊಬ್ಬರ ಕೈಕೆಳಗೆ, ಹಳೆಯ ಬಣ್ಣ ತೆಗೆಯುವ ಕೆಲಸವನ್ನು ಹಿರಿಯರೇ ಮುಗಿಸಿದ ಮೇಲೆ, ದೊಡ್ಡ ಮಕ್ಕಳೇ ಸಂದು ಬಿಗಿದು, ಉಜ್ಜಿ, ಬಣ್ಣ ಹಚ್ಚಲಿ. ಅದರಿಂದ ಹಣ ಉಳಿಯುವುದು ಸಣ್ಣ ಲಾಭ. ಹೊರಗಿನ ಹೊಳಪಿಗೆ ಮೊದಲು ಒಳಗಿನ ಹುಳುಕನ್ನು ಕಳೆಯಬೇಕೆಂಬ ಪಾಠವನ್ನು ಕೈಯೇ ಕಲಿಯುವುದು ದೊಡ್ಡ ಲಾಭ. ಅಧ್ಯಾಪಕರಾದ ನಾವು ಮಕ್ಕಳಿಗೆ ಮಾಡುತ್ತಿರುವುದೂ ಇದೇ ಮೂರು ಅಂಗಗಳ ಸಂಸ್ಕಾರವಷ್ಟೆ. ಅಂಕಗಳ ಬಣ್ಣವನ್ನು ಬಳಿದು, ಕೆಳಗಿನ ಮರವನ್ನು ನೋಡದೆ ಕಳಿಸುತ್ತಿದ್ದೇವೆಯೇ ಎಂದು ಆಗಾಗ ಗೆಣ್ಣಿನಿಂದ ತಟ್ಟಿ ನೋಡಿಕೊಳ್ಳುವುದು ನಮಗೂ ಒಳ್ಳೆಯದು.